ಜೊತೆಗೆ ಬಂದವರು

"ಸಿಸ್ಟರ್, ಬನ್ನಿ ಇಲ್ಲಿ, ಮಜಾ ನೋಡಿ. ನಿಮ್ಮ ಟೈಲರಮ್ಮ ಅಂಗಡಿ ತೆಗೆದಿದಾಳೆ!"

ಆಯಾ ನೆಲ ಒರೆಸುವುದನ್ನು ಬಿಟ್ಟು, ಕೋಲಿಗೆ ಗದ್ದ ಆನಿಸಿಕೊಂಡು ನಗುತ್ತಿದ್ದಳು. ಹೆಂಗಸರ ವಾರ್ಡಿನ ಹಿರಿಯ ನರ್ಸ್ ಬೆಳಗಿನ ಮಾತ್ರೆಗಳ ಟ್ರೇ ಹಿಡಿದು ಆರನೇ ಹಾಸಿಗೆಯವಳಿಗೆ "ಆ ಅನ್ನಿ, ನಾಲಿಗೆ ಎತ್ತಿ" ಎನ್ನುತ್ತಿದ್ದವಳು, ಟ್ರೇ ಸಮೇತ ತಿರುಗಿ ನೋಡಿದಳು.

ಕಿಟಕಿಯ ಪಕ್ಕದ ಒಂಬತ್ತನೇ ಹಾಸಿಗೆಯಲ್ಲಿ ಟೈಲರ್ ಕಾಲು ಚಾಚಿ ಕುಳಿತು, ಹೊದಿಕೆಯನ್ನು ತೊಡೆಯ ಮೇಲೆ ಎಳೆದುಕೊಂಡು ಹೊಲಿಯುತ್ತಿದ್ದಳು. ಸೂಜಿ ಇರಲಿಲ್ಲ, ದಾರವೂ ಇರಲಿಲ್ಲ. ಮಾನಸಿಕ ರೋಗಿಗಳ ವಾರ್ಡು ಅದು; ಸೂಜಿ ಹಾಗಿರಲಿ, ತಲೆಗೆ ಸಿಕ್ಕಿಸುವ ಪಿನ್ನನ್ನೂ ಬಾಗಿಲಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಆದರೂ ಅವಳು ಗಾಳಿಯಿಂದ ದಾರ ಎಳೆದು, ತುದಿಯನ್ನು ತುಟಿಗೆ ತಾಗಿಸಿ ಒದ್ದೆ ಮಾಡಿ, ಒಂದು ಕಣ್ಣು ಮುಚ್ಚಿ ಪೋಣಿಸುತ್ತಿದ್ದಳು. ಹೋಗದಿದ್ದಾಗ ನಾಲಿಗೆ ಕಚ್ಚಿ ಮತ್ತೆ ಒದ್ದೆ ಮಾಡುತ್ತಿದ್ದಳು. ಕೊನೆಗೆ ಹೋಯಿತೆಂದು ಕಾಣುತ್ತದೆ, ಹೊದಿಕೆಯ ಅಂಚು ಮಡಚಿ ಸರಸರನೆ ಹೊಲಿಗೆ ಹಾಕತೊಡಗಿದಳು.

"ಮೂರು ದಿನ ಕೆಲಸ ಇಲ್ದೆ ಕೈ ಕಡೀತಿದೆ ಪಾಪ," ಎಂದಳು ಆಯಾ. "ನಂದೂ ಒಂದು ದಿಂಬಿನ ಚೀಲ ಹರಿದಿದೆ, ತಂದು ಕೊಡ್ಲಾ?"

ನರ್ಸ್ ಕೂಡ ನಕ್ಕಳು. ಆ ಅರೆಗಳಿಗೆಯ ನಗುವಿಗೆ ಆಮೇಲೆ ಎಷ್ಟು ಸಲ ನಾಚಿದಳೋ ಲೆಕ್ಕವಿಲ್ಲ. ಟೈಲರ್ ದಾರವನ್ನು ಹಲ್ಲಿನಿಂದ ಕಡಿದು, ಹೊದಿಕೆಯನ್ನು ಬೆಳಕಿಗೆ ಎತ್ತಿ ಹಿಡಿದಳು. ಮುಖ ಸಿಂಡರಿಸಿದಳು.

"ಥೂ, ಬಟ್ಟೆ ತುಂಬಾ ಇರುವೆ," ಎಂದು ಒಂದೊಂದನ್ನೇ ಆರಿಸಿ ನೆಲಕ್ಕೆ ಹಾಕತೊಡಗಿದಳು. ಹೊದಿಕೆ ಹಿಂದಿನ ಸಂಜೆಯಷ್ಟೇ ಒಗೆದು ತಂದದ್ದು. ಅದರಲ್ಲಿ ಒಂದು ಇರುವೆಯೂ ಇರಲಿಲ್ಲ.

ನರ್ಸ್ ಟ್ರೇಯನ್ನು ಆಯಾಳ ಕೈಗೆ ತುರುಕಿ ಹತ್ತಿರ ಹೋದಳು. ಟೈಲರಳ ಅಂಗಿ ಬೆನ್ನಿಗೆ ಅಂಟಿಕೊಳ್ಳುವಷ್ಟು ಒದ್ದೆಯಾಗಿತ್ತು. ಮಣಿಕಟ್ಟು ಹಿಡಿದು ಗಡಿಯಾರ ನೋಡಿದಳು: ನಿಮಿಷಕ್ಕೆ ನೂರ ಮೂವತ್ತು. "ಎರಡೂ ಕೈ ಮುಂದೆ ಚಾಚಿ," ಎಂದಳು. ಚಾಚಿದ ಹತ್ತು ಬೆರಳೂ ಓಡುತ್ತಿರುವ ಹೊಲಿಗೆ ಮೆಷಿನ್ನಿನ ಮೇಲಿಟ್ಟ ಗುಂಡಿಗಳಂತೆ ಕುಣಿದವು.

ಇದು ಹುಚ್ಚಲ್ಲ, ಕೈ ಕಡಿತವೂ ಅಲ್ಲ ಎಂದು ಅವಳಿಗೆ ತಿಳಿಯಿತು. ಗಂಡಸರ ವಾರ್ಡಿನಲ್ಲಿ ಹನ್ನೊಂದು ವರ್ಷ ಇದನ್ನೇ ನೋಡಿದವಳು. ದಿನವೂ ಕುಡಿಯುವವನಿಗೆ ಕುಡಿತ ತಟ್ಟನೆ ನಿಂತರೆ ಎರಡನೇ ದಿನಕ್ಕೆ ನಡುಕ, ಮೂರನೇ ದಿನಕ್ಕೆ ಇಲ್ಲದ ಹುಳ ಹುಪ್ಪಟೆ. ಬಸ್ಸಿನ ಡ್ರೈವರ್ ಹಾಸಿಗೆಯಲ್ಲೇ ಗೇರು ಬದಲಾಯಿಸುತ್ತಾನೆ, ಬಡಗಿ ಮಂಚದ ಕಾಲಿಗೆ ಮೊಳೆ ಹೊಡೆಯುತ್ತಾನೆ. ಮೊದಲೇ ಗೊತ್ತಿದ್ದರೆ ಮೊದಲ ದಿನವೇ ಮಾತ್ರೆ ಕೊಟ್ಟು ತಡೆಯಬಹುದು. ಗೊತ್ತಿಲ್ಲದಿದ್ದರೆ ಕೆಲವರು ಉಳಿಯುವುದಿಲ್ಲ. ಅದಕ್ಕೇ ಸೇರಿಸಿಕೊಳ್ಳುವಾಗಲೇ ಕೇಳುವುದು. ಕೇಳಿದ್ದಳು. ಕೇಳಿದ ರೀತಿ ಈಗ ನೆನಪಾಯಿತು.

ಸೋಮವಾರ ಮಧ್ಯಾಹ್ನ ಲಿಫ್ಟ್ ಕೆಟ್ಟಿತ್ತು. ವಾರ್ಡು ಇರುವುದು ಎರಡನೇ ಮಹಡಿಯಲ್ಲಿ. ಟೈಲರಳನ್ನು ಕರೆತಂದ ಅತ್ತೆ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು ಹತ್ತಿ ಬಂದಿದ್ದಳು. ಮೊಣಕಾಲು ಎರಡೂ ಊದಿ ಕುಂಬಳಕಾಯಿಯಾಗಿದ್ದವು. ದಾಖಲಾತಿ ಕೋಣೆಯ ಕುರ್ಚಿಯಲ್ಲಿ ಕುಸಿದು, "ಅಬ್ಬಾ! ಇನ್ನು ಏಳಿಸ್ಬೇಡಿ ತಾಯಿ, ನಿಮಗೆ ಪುಣ್ಯ ಬರುತ್ತೆ," ಎಂದಳು.

ಆ ಕೋಣೆಗೆ ಒಂದು ಪದ್ಧತಿ ಇದೆ. ಯಾವ ಗೋಡೆಯ ಮೇಲೂ ಬರೆದಿಲ್ಲ, ಆದರೆ ಈ ನರ್ಸ್ ಪ್ರತಿ ವರ್ಷ ಹೊಸದಾಗಿ ಬರುವ ನರ್ಸುಗಳಿಗೆ ಹೇಳಿಕೊಡುವ ಮೊದಲ ಪಾಠವೇ ಅದು. ಹೆಸರು, ವಯಸ್ಸು, ನಿದ್ದೆ, ಹಸಿವು ಎಲ್ಲ ಕೇಳಿ ಮುಗಿಸಿ, ಕುಡಿತದ ಪ್ರಶ್ನೆಗೆ ಮುಂಚೆ ಪೆನ್ನು ಕೆಳಗಿಡಬೇಕು. "ಜೊತೆಗೆ ಬಂದವರು ಸ್ವಲ್ಪ ಹೊರಗಿರಿ" ಎನ್ನಬೇಕು. ಬಾಗಿಲು ಮುಚ್ಚಿದ ಮೇಲೆಯೇ ಮುಂದಿನ ಮಾತು. "ಹೆಂಡತಿ ಎದುರಿಗೆ ಗಂಡ ಅರ್ಧ ಹೇಳ್ತಾನೆ, ಅಪ್ಪನ ಎದುರಿಗೆ ಮಗ ಕಾಲು ಭಾಗ ಹೇಳ್ತಾನೆ, ಅತ್ತೆ ಎದುರಿಗೆ ಸೊಸೆ ಏನೂ ಹೇಳಲ್ಲ," ಎಂದು ಅವಳು ಹೇಳುವಾಗ ಹುಡುಗಿಯರೆಲ್ಲ ನಗುತ್ತಿದ್ದರು.

ಸೋಮವಾರ ಅವಳು ಹಾಗೆ ಅನ್ನಲಿಲ್ಲ. ಹೊರಗಿನ ಬೆಂಚನ್ನು ಬಣ್ಣ ಬಳಿಯುವವರು ಎತ್ತಿಕೊಂಡು ಹೋಗಿದ್ದರು. ಮುದುಕಿಯನ್ನು ಎಬ್ಬಿಸಿ ಎಲ್ಲಿ ನಿಲ್ಲಿಸುವುದು? ತನ್ನ ತಾಯಿಗೂ ಇಂಥವೇ ಮೊಣಕಾಲು ಇದ್ದವು. ಬಂದವಳಾದರೂ ಯಾರು? ಮನೆಯಲ್ಲೇ ಕೂತು ಮಕ್ಕಳ ಯೂನಿಫಾರ್ಮ್ ಹೊಲಿಯುವ ಹೆಂಗಸು. ಮೂರು ವಾರದಿಂದ ಮೆಷಿನ್ ಮುಟ್ಟಿಲ್ಲ, ಮಾತಿಲ್ಲ, "ನಾನು ಇದ್ದೇನು ಪ್ರಯೋಜನ" ಎಂದು ಗೋಡೆ ನೋಡಿಕೊಂಡು ಕೂರುತ್ತಾಳೆ ಎಂದು ಕರೆತಂದಿದ್ದರು. ಕೋಣೆಯೊಳಗೆ ಅವಳ ಮೊದಲ ಮಾತು ಕೂಡ ಹೊಲಿಗೆಯದ್ದೇ: "ಸಿಸ್ಟರ್, ನಿಮ್ಮ ಎಡ ತೋಳು ಎಳೀತಿದೆ. ಕಂಕುಳಲ್ಲಿ ಅರ್ಧ ಇಂಚು ಬಿಟ್ಟರೆ ಸರಿಹೋಗುತ್ತೆ."

"ನೋಡಿದ್ರಾ, ಮಾತಾಡಿದ್ಲು!" ಎನ್ನುವಾಗ ಅತ್ತೆಯ ಕಣ್ಣಲ್ಲಿ ನೀರು ಬಂದಿತ್ತು. ಅಂಥ ಗಳಿಗೆಯಲ್ಲಿ ಹೊರಗೆ ಹೋಗಿ ಎನ್ನಲು ನರ್ಸಿಗೆ ಬಾಯಿ ಬರಲಿಲ್ಲ. ಕೂತವರನ್ನು ಕೂತ ಹಾಗೇ ಬಿಟ್ಟು, "ಕುಡಿಯೋ ಅಭ್ಯಾಸ ಏನಾದ್ರೂ ಉಂಟಾ?" ಎಂದು ಕೇಳಿದಳು, ಊಟ ಆಯಿತಾ ಎಂದು ಕೇಳುವ ಹಾಗೆ.

ಟೈಲರ್ ತಲೆ ಎತ್ತಿದಳು. ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆಯೇ, "ಅಯ್ಯೋ, ಅದೆಲ್ಲ ಇಲ್ಲಪ್ಪ! ನಮ್ಮನೇಲಿ ಗಂಡಸರೇ ಅದನ್ನ ಮುಟ್ಟಲ್ಲ," ಎಂದಳು. ಟೈಲರ್ ಬಾಯಿ ಮುಚ್ಚಿದಳು. ಆಮೇಲೆ ಮೆಲ್ಲಗೆ, "ಇಲ್ಲ ಸಿಸ್ಟರ್," ಎಂದಳು. ನರ್ಸ್ "ಇಲ್ಲ" ಎಂಬುದರ ಮುಂದೆ ಗುರುತು ಹಾಕಿದಳು.

ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂದರೆ ಇದೇ. ಇಪ್ಪತ್ತೆರಡು ವರ್ಷದಲ್ಲಿ ಒಂದೇ ಸಲ ತಪ್ಪಿದಳು, ಅದೂ ಕರುಣೆಯಿಂದ. ಮಂಗಳವಾರ ಟೈಲರಳ ಕೈಯಲ್ಲಿ ಟೀ ಲೋಟ ತುಳುಕಿದಾಗ "ಆತಂಕ" ಎಂದು ಬರೆದಳು. ಬುಧವಾರ ನಿದ್ದೆಯಿಲ್ಲ ಎಂದಾಗ "ಹೊಸ ಜಾಗ" ಎಂದು ಬರೆದಳು. ಈಗ ಗುರುವಾರ.

"ಡಾಕ್ಟರಿಗೆ ಫೋನ್ ಮಾಡು. ಓಡಿ ಬರಬೇಕಂತೆ ಅನ್ನು," ಎಂದು ಆಯಾಳನ್ನು ಕಳಿಸಿ, ನರ್ಸ್ ಹಾಸಿಗೆಯ ಸುತ್ತ ಪರದೆ ಎಳೆದಳು. ಈಗ ಎಲ್ಲರನ್ನೂ ಹೊರಗಿಟ್ಟಳು. ಟೈಲರಳ ಎರಡೂ ಕೈಗಳನ್ನು ತನ್ನ ಕೈಯೊಳಗೆ ಗಟ್ಟಿಯಾಗಿ ಹಿಡಿದು, "ಇಲ್ಲಿ ನೋಡು. ಕೊನೇ ಸಲ ಯಾವಾಗ ಕುಡಿದಿದ್ದು?" ಎಂದು ಕೇಳಿದಳು.

ಇರುವೆ ಹುಡುಕುತ್ತಿದ್ದ ಕಣ್ಣು ಒಂದು ಕ್ಷಣ ನಿಂತಿತು. "ಯಾರು ಹೇಳಿದ್ರು?"

"ನಿನ್ನ ಕೈ ಹೇಳ್ತು."

"ಬರೀತೀರಾ?"

"ಮೊದಲು ಹೇಳು."

"ಬರೀಬೇಡಿ ಸಿಸ್ಟರ್, ನಿಮ್ಮ ಕಾಲಿಗೆ ಬೀಳ್ತೀನಿ. ನಮ್ಮ ಯಜಮಾನ್ರು ಓದಿದ್ರೆ ಮಗಳನ್ನ ನನಗೆ ಕೊಡಲ್ಲ. ಏಳು ವರ್ಷ ಅವಳಿಗೆ. ಯಜಮಾನ್ರ ಅಪ್ಪ ಕುಡಿದೇ ಸತ್ತಿದ್ದು. ಆ ವಾಸನೆ ಬಂದ ಮನೆಗೆ ನಾನು ಕಾಲಿಡಲ್ಲ ಅಂತ ಮದುವೆ ದಿನಾನೇ ಹೇಳಿದ್ರು. ಒಂದೇ ಮಾತಿನ ಮನುಷ್ಯ."

"ಬರೆಯಲ್ಲ. ಹೇಳು," ಎಂದಳು ನರ್ಸ್. ಬರೆಯುತ್ತೇನೆ ಎಂದು ಗೊತ್ತಿದ್ದೇ ಹೇಳಿದಳು.

ಟೈಲರ್ ಹೇಳಿದಳು. ಎರಡು ವರ್ಷದಿಂದ. ಗಂಡ ಲಾರಿ ಓಡಿಸುತ್ತಾನೆ, ಮನೆಗೆ ಬರುವುದು ಹತ್ತು ಹನ್ನೆರಡು ದಿನಕ್ಕೊಮ್ಮೆ. ಮೊದಮೊದಲು ನಿದ್ದೆಗೆಂದು. ಆಮೇಲೆ ಬೆಳಿಗ್ಗೆ ಎದ್ದ ಕೂಡಲೇ, ಇಲ್ಲದಿದ್ದರೆ ಸೂಜಿಗೆ ದಾರ ಹೋಗುತ್ತಿರಲಿಲ್ಲ. ಮೆಷಿನ್ ಎಣ್ಣೆಯ ಸೀಸೆಯಲ್ಲಿ ಬ್ರಾಂದಿ ತುಂಬಿ, ತುಂಡು ಬಟ್ಟೆಗಳ ಮೂಟೆಯಲ್ಲಿ ಇಡುತ್ತಿದ್ದಳು. ಕೊನೆಯದ್ದು ಸೋಮವಾರ ಬೆಳಿಗ್ಗೆ.

"ಅತ್ತೆಗೆ ಗೊತ್ತಾ?"

"ಅಯ್ಯೋ, ಬೇಡ! ಅವರಿಗೆ ಗೊತ್ತಾದ್ರೆ ಎದೆ ಒಡೆದು ಸಾಯ್ತಾರೆ," ಎಂದವಳು, ಮಾತಿನ ನಡುವೆಯೇ ಬಗ್ಗಿ ನರ್ಸಿನ ತೋಳಿನಿಂದ ಒಂದು ಇರುವೆ ಆರಿಸಿದಳು.

ಡಾಕ್ಟರ್ ಬಂದ. ಹುಡುಗು ಮುಖದ, ಒಳ್ಳೆಯ ಡಾಕ್ಟರ್. ಇಂಜೆಕ್ಷನ್ ಹೇಳಿದ, ವಿಟಮಿನ್ ಸೇರಿಸಿ ಡ್ರಿಪ್ ಹಾಕಲು ಹೇಳಿದ, ಆಮೇಲೆ ಫೈಲಿನ ಮೊದಲ ಹಾಳೆ ತಿರುವಿದ. "ಇಲ್ಲಿ ಕುಡಿತಕ್ಕೆ 'ಇಲ್ಲ' ಅಂತ ಗುರುತು ಇದೆಯಲ್ಲ ಸಿಸ್ಟರ್?"

"ನಾನೇ ಹಾಕಿದ್ದು."

"ಜೊತೆಗೆ ಬಂದವರನ್ನ ಹೊರಗೆ ಕಳಿಸಿರಲಿಲ್ವಾ?"

"ಇಲ್ಲ."

ಅವನು ಮುಂದೆ ಏನೂ ಕೇಳಲಿಲ್ಲ. ಆ ಪಾಠವನ್ನು ಅವನೂ ಅವಳಿಂದಲೇ ಕಲಿತಿದ್ದ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಫೈಲಿನಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ. ಮೇಲೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಕೆಂಪು ಶಾಯಿಯಲ್ಲಿ ಬರೆದು ಸಹಿ ಹಾಕಬೇಕು. ನರ್ಸ್ ಗೆರೆ ಎಳೆದಳು. ಎರಡು ವರ್ಷ, ದಿನವೂ, ಕೊನೆಯದ್ದು ಸೋಮವಾರ ಬೆಳಿಗ್ಗೆ ಎಂದು ಬರೆದು ಸಹಿ ಹಾಕಿದಳು.

ಇಂಜೆಕ್ಷನ್ನಿಗೆ ಟೈಲರ್ ಸ್ವಲ್ಪ ಹೊತ್ತು ಶಾಂತವಾದಳು. ಹನ್ನೆರಡರ ಸುಮಾರಿಗೆ ಕಣ್ಣು ಬಿಟ್ಟು, "ಬರೆದಿಲ್ಲ ಅಲ್ವಾ?" ಎಂದು ಕೇಳಿದಳು. ಫೈಲು ಅವಳ ಕಾಲ ಬಳಿಯ ಕೊಕ್ಕೆಯಲ್ಲೇ ನೇತಾಡುತ್ತಿತ್ತು.

"ಇಲ್ಲ," ಎಂದಳು ನರ್ಸ್. "ಮಲಕ್ಕೋ."

ಒಂದು ಗಂಟೆಯ ಮೇಲೆ ಜ್ವರ ಏರಿತು. ಎರಡನೇ ಇಂಜೆಕ್ಷನ್, ಮೂರನೆಯದ್ದು. ಮೂರು ಗಂಟೆಗೆ ಮೈಯೆಲ್ಲ ಬಿಗಿದು ಫಿಟ್ಸ್ ಬಂತು. ನಿಂತು, ಮತ್ತೆ ಬಂತು. ನರ್ಸ್ ಅವಳನ್ನು ಮಗ್ಗುಲಾಗಿ ಹಿಡಿದು ಬಾಯಿ ಒರೆಸುತ್ತಾ ಗಡಿಯಾರ ನೋಡುತ್ತಿದ್ದಳು. ಅಷ್ಟೇ ಅವಳಿಂದ ಆಗುವ ಕೆಲಸ. ಇಲ್ಲಿ ಉಸಿರಾಟದ ಯಂತ್ರ ಇಲ್ಲ, ದೊಡ್ಡಾಸ್ಪತ್ರೆಗೆ ಕಳಿಸಬೇಕು ಎಂದು ಡಾಕ್ಟರ್ ಆಂಬುಲೆನ್ಸಿಗೆ ಹೇಳಿದ. ಗಂಡನಿಗೂ ಫೋನ್ ಹೋಯಿತು. ಅವನು ದಾರಿಯಲ್ಲಿದ್ದ, ನೇರ ಅಲ್ಲಿಗೇ ಬರುತ್ತೇನೆ ಎಂದ.

ನಾಲ್ಕು ಗಂಟೆಗೆ, ನೋಡಲು ಬರುವವರ ಹೊತ್ತಿಗೆ, ಅತ್ತೆ ಕೈಚೀಲ ಹಿಡಿದು ವಾರ್ಡಿನ ಬಾಗಿಲಿಗೆ ಬಂದಳು. ಲಿಫ್ಟ್ ಇನ್ನೂ ಕೆಟ್ಟೇ ಇತ್ತು. ಅವಳಿಗೆ ಏನೂ ಗೊತ್ತಿರಲಿಲ್ಲ. ಹೇಳುವುದು ಹೇಗೆಂದು ತಿಳಿಯದೆ ನರ್ಸ್ ದಿನದ ಅಭ್ಯಾಸದಂತೆ ಚೀಲ ತೆಗೆದುಕೊಂಡು ತಪಾಸಣೆ ಮಾಡತೊಡಗಿದಳು. ಒಂದು ಬಾಚಣಿಗೆ. ಒಂದು ಪುಟ್ಟ ಯೂನಿಫಾರ್ಮ್ ಸ್ಕರ್ಟು, ಅಂಚು ಬಿಚ್ಚಿದ್ದು. "ಮಗು ಉದ್ದ ಆಗಿದೆ, ಎಷ್ಟು ಬಿಡಬೇಕು ಅಂತ ಅವಳನ್ನ ಕೇಳೋಣ ಅಂತ," ಎಂದಳು ಅತ್ತೆ. ಸ್ಕರ್ಟಿನ ಒಳಗೆ ಸುತ್ತಿದ್ದ ಒಂದು ಸೀಸೆ.

"ಇದೇನಮ್ಮ?"

"ಮೆಷಿನ್ ಎಣ್ಣೆ."

"ಇಲ್ಲಿ ಮೆಷಿನ್ ಇಲ್ವಲ್ಲಮ್ಮ."

ನರ್ಸ್ ಮುಚ್ಚಳ ತಿರುವಿ ಮೂಗಿನ ಹತ್ತಿರ ಹಿಡಿದಳು. ಹಿಡಿಯುವ ಮುಂಚೆಯೇ ಗೊತ್ತಾಗಿತ್ತು.

"ಒಂದೇ ಮುಚ್ಚಳ ಸಿಸ್ಟರ್," ಎಂದಳು ಅತ್ತೆ, ಅತ್ತ ಇತ್ತ ನೋಡಿ, ದನಿ ತಗ್ಗಿಸಿ. "ನಿನ್ನೆ ಅವಳ ಕೈ ನೋಡಿದೆ. ಟೀ ನೆಪದಲ್ಲಿ ಒಂದು ಮುಚ್ಚಳ ಬೆರೆಸಿ ಕೊಟ್ಟುಬಿಡಿ, ನಡುಕ ನಿಲ್ಲುತ್ತೆ. ಅವಳಿಗೆ ಮಾತ್ರ ಗೊತ್ತಾಗಬಾರದು."

"ನಿಮಗೆ ಗೊತ್ತಿತ್ತಾ?"

"ಒಂದೂವರೆ ವರ್ಷ ಆಯ್ತು. ಒಂದೇ ಸೂರಿನ ಕೆಳಗೆ ಇರೋರಿಗೆ ಮೂಗಿಲ್ವಾ? ಗಂಡನ್ನ ಅದಕ್ಕೇ ಕಳ್ಕೊಂಡವಳು ನಾನು. ಅವಳು ಸ್ನಾನಕ್ಕೆ ಹೋದಾಗ ಸೀಸೆ ತೆಗೆದು ಅರ್ಧ ಚೆಲ್ಲಿ ನೀರು ತುಂಬಿಸ್ತಿದ್ದೆ. ಸೀಸೆ ಖಾಲಿ ಆಗಿ, ಹೊರಗೆ ಹೋಗಿ ತರೋಕೂ ಆಗದೆ ಅವಳು ಒದ್ದಾಡೋ ದಿನ ನಾನೇ ತಂದು ಹಾಕ್ತಿದ್ದೆ. ಈ ಕಾಲಿಟ್ಕೊಂಡು ಆ ಅಂಗಡಿ ಮುಂದೆ ಸಾಲಲ್ಲಿ ನಿಂತಿದೀನಿ ಸಿಸ್ಟರ್. ಮೊಣಕಾಲಿಗೆ ಉಜ್ಜೋಕೆ ಅಂತಿದ್ದೆ. ಗಂಡಸರು ನಗ್ತಿದ್ರು, ಅಜ್ಜಿ ಎಷ್ಟು ಉಜ್ತೀಯ ಅಂತ." ಅವಳೂ ಸ್ವಲ್ಪ ನಕ್ಕಳು, ಆಮೇಲೆ ನಗು ಎಲ್ಲಿ ಇಡುವುದೆಂದು ತಿಳಿಯದವಳಂತೆ ಬಾಯಿ ಒರೆಸಿಕೊಂಡಳು. "ಇಲ್ಲಿಗೆ ಸೇರಿಸಿದ್ರೆ ಅದೂ ತಾನಾಗೇ ಬಿಟ್ಟುಹೋಗುತ್ತೆ ಅಂದ್ಕೊಂಡೆ."

"ಸೋಮವಾರ ಹೇಳಬಹುದಿತ್ತಲ್ಲಮ್ಮ!" ನರ್ಸಿನ ದನಿ ಏರಿತು. ಕೋಪ ಬಂದಿತ್ತು, ಆದರೆ ಅದು ಮುದುಕಿಯ ಮೇಲಿನ ಕೋಪವಲ್ಲ.

"ಅವಳ ಎದುರಿಗೆ ಹ್ಯಾಗೆ ಹೇಳಲಿ? ನನಗೆ ಗೊತ್ತು ಅಂತ ಅವಳಿಗೆ ಗೊತ್ತಾದ್ರೆ ಮತ್ತೆ ಮುಖ ಎತ್ತಿ ನನ್ನ ನೋಡ್ತಾಳಾ? ಮೊದಲೇ ಸಾಯ್ತೀನಿ ಅಂತಿದ್ದವಳು." ಮುದುಕಿ ಬಾಗಿಲ ಚೌಕಟ್ಟು ಹಿಡಿದುಕೊಂಡು, "ನೀವು ನನ್ನ ಒಂದು ಗಳಿಗೆ ಹೊರಗೆ ಕರೆದು ಕೇಳಿದ್ರೆ ಹೇಳಿಬಿಡ್ತಿದ್ದೆ. ಕೇಳ್ತೀರೇನೋ ಅಂತ ಕಾದೆ," ಎಂದಳು.

ನರ್ಸ್ ಸೀಸೆಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದಳು. ಅದು ಬಿಗಿದಾದ ಮೇಲೂ ತಿರುಗಿಸುತ್ತಲೇ ಇದ್ದಳು. ಅತ್ತೆ ಸೊಸೆ ಇಬ್ಬರೂ ಹೇಳುವುದಕ್ಕೆ ಸಿದ್ಧರಾಗಿದ್ದರು. ಇಬ್ಬರ ನಡುವೆ ಒಂದು ಬಾಗಿಲು ಬೇಕಿತ್ತು, ಅಷ್ಟೇ. ಆ ಬಾಗಿಲು ಮುಚ್ಚುವುದೇ ತನ್ನ ಕೆಲಸವಾಗಿತ್ತು.

ಸ್ಟ್ರೆಚರ್ ಬಂತು. ಲಿಫ್ಟ್ ಇಲ್ಲದ್ದರಿಂದ ನಾಲ್ಕು ಜನ ಹೊತ್ತು ಮೆಟ್ಟಿಲಿಳಿದರು. ಸಂಜೆ ಪಾಳಿಯ ನರ್ಸ್ ಡ್ರಿಪ್ಪಿನ ಬಾಟಲಿ ಎತ್ತಿ ಹಿಡಿದು ಜೊತೆಗೇ ಹೋದಳು. ಟೈಲರಳ ಕಣ್ಣು ಅರ್ಧ ತೆರೆದಿತ್ತು, ನೋಟ ಇರಲಿಲ್ಲ. ಬಲಗೈಯ ಎರಡು ಬೆರಳು ಮಾತ್ರ ಇನ್ನೂ ಒಂದಕ್ಕೊಂದು ಉಜ್ಜಿಕೊಳ್ಳುತ್ತಿದ್ದವು. ಕಾಲ ಬಳಿ ಫೈಲು ಸಿಕ್ಕಿಸಿದ್ದರು. ಅತ್ತೆ ಕಂಬಿ ಹಿಡಿದು ಹಿಂದೆಯೇ ಇಳಿಯಲು ನೋಡಿದಳು. ಅವಳು ನಾಲ್ಕನೇ ಮೆಟ್ಟಿಲಿಗೆ ಬರುವಷ್ಟರಲ್ಲಿ ಕೆಳಗೆ ಆಂಬುಲೆನ್ಸಿನ ಬಾಗಿಲು ಮುಚ್ಚಿದ ಸದ್ದಾಯಿತು.

ನರ್ಸ್ ಅವಳ ರಟ್ಟೆ ಹಿಡಿದು ವಾಪಸ್ಸು ಹತ್ತಿಸಿಕೊಂಡು ಬಂದಳು. ಕೂರಿಸಲು ಬೇರೆ ಜಾಗವಿರಲಿಲ್ಲ. ದಾಖಲಾತಿ ಕೋಣೆಯ ಅದೇ ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟಳು. ಆಟೋ ತರಿಸುತ್ತೇನೆ ಎಂದರೆ, "ಮಗ ಫೋನ್ ಮಾಡ್ಲಿ. ಬಾ ಅಂದ್ರೆ ಹೋಗ್ತೀನಿ," ಎಂದಳು ಮುದುಕಿ. ನರ್ಸಿನ ಪಾಳಿ ಮುಗಿದು ಒಂದೂವರೆ ಗಂಟೆಯಾಗಿತ್ತು. ಅವಳೂ ಮನೆಗೆ ಹೋಗಲಿಲ್ಲ.

ಆರು ಗಂಟೆಗೆ ಫೋನ್ ಬಂತು. ಮುದುಕಿಗೆ ಕಿವಿ ಮಂದ; ಫೋನಿನ ದನಿ ಜೋರಾಗಿಟ್ಟಿದ್ದರಿಂದ ಆ ಕಡೆಯ ಮಾತು ಕೋಣೆಗೆಲ್ಲ ಕೇಳುತ್ತಿತ್ತು.

"ಅಮ್ಮಾ, ಬಾಯಿಗೆ ಪೈಪ್ ಹಾಕಿದಾರೆ. ಮೆಷಿನ್ನಲ್ಲಿ ಉಸಿರಾಡಿಸ್ತಿದಾರೆ. ನಾಳೆ ತನಕ ಏನೂ ಹೇಳೋಕಾಗಲ್ಲ ಅಂತಾರೆ." ಗಂಡಸಿನ ದನಿ ಒಡೆದು, ಮತ್ತೆ ಗಟ್ಟಿಯಾಯಿತು. "ಇಲ್ಲಿ ಡಾಕ್ಟ್ರು ಏನೇನೋ ಕೇಳ್ತಿದಾರೆ. ಫೈಲಲ್ಲಿ ಕೆಂಪು ಶಾಯೀಲಿ ಬರೆದಿದೆ, ಕುಡೀತಾಳೆ ಅಂತ. ಮೊದಲು ಇಲ್ಲ ಅಂತ ಇತ್ತಂತೆ. ಏನಮ್ಮ ಇದು?"

ಮುದುಕಿ ನರ್ಸನ್ನು ನೋಡಿದಳು. ಕಣ್ಣು ಮಿಟುಕಿಸಲಿಲ್ಲ. "ಅಯ್ಯೋ ಇಲ್ಲಪ್ಪ! ಬೇರೆ ಯಾರದ್ದೋ ನಮ್ಮದಕ್ಕೆ ಬರೆದಿರ್ಬೇಕು. ಇವರದ್ದೇ ತಪ್ಪು."

"ಹಾಗಾದ್ರೆ ತಪ್ಪು ಬರೆದಿದಾರೆ ಅಂತ ಡಾಕ್ಟರಿಗೆ ಹೇಳಿಬಿಡ್ತೀನಿ. ಇಲ್ಲೇ ನಿಂತಿದಾರೆ."

ತಪ್ಪು ತನ್ನದೆಂದು ಹೊರಲು ನರ್ಸ್ ಸಿದ್ಧಳಿದ್ದಳು. ಅದು ಸುಳ್ಳೂ ಆಗಿರಲಿಲ್ಲ. ಆದರೆ ಆ ಮಾತು ಅಲ್ಲಿನ ಡಾಕ್ಟರ ಕಿವಿಗೆ ಬಿದ್ದು, ಅವರು ನಂಬಿದರೆ, ಟೈಲರಳ ಜೀವ ಹಿಡಿದಿಟ್ಟಿರುವ ಔಷಧ ನಿಂತೀತು. ಅವಳು ಕೈ ಚಾಚಿದಳು. ಮುದುಕಿ ಫೋನನ್ನು ಎದೆಗೆ ಒತ್ತಿಕೊಂಡು ತಲೆ ಅಲ್ಲಾಡಿಸಿದಳು, ಬೇಡ ಬೇಡ ಎಂದು. ನರ್ಸ್ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

"ನಾನು ವಾರ್ಡಿನ ನರ್ಸ್. ಡಾಕ್ಟರಿಗೆ ಫೋನ್ ಕೊಡಿ."

"ಕೊಡ್ತೀನಿ. ಮೊದಲು ನನಗೆ ಹೇಳಿ. ಹೌದಾ, ಇಲ್ವಾ?"

ನರ್ಸ್ ಮುದುಕಿಗೆ ಬೆನ್ನು ತಿರುಗಿಸಿದಳು.

"ಹೌದು," ಎಂದಳು ನರ್ಸ್. "ಬರೆದಿದ್ದು ನಾನೇ."

ಅವನು ಮೆಲ್ಲಗೆ, ಕೂಗಾಡದೆ, "ನನ್ನ ಮಗಳನ್ನ ಇವತ್ತೇ ನನ್ನಕ್ಕನ ಮನೆಗೆ ಬಿಡ್ತೀನಿ ಅಂತ ಅಮ್ಮಂಗೆ ಹೇಳಿ," ಎಂದ. ಡಾಕ್ಟರ ದನಿ ಬಂತು. ನರ್ಸ್ ಹೇಳಬೇಕಾದ್ದನ್ನೆಲ್ಲ ಹೇಳಿದಳು: ಎರಡು ವರ್ಷ, ದಿನವೂ, ಸೋಮವಾರ ಬೆಳಿಗ್ಗೆ.

ಫೋನ್ ವಾಪಸ್ಸು ಕೊಟ್ಟಾಗ ಮುದುಕಿ ಅದನ್ನು ತೆಗೆದುಕೊಳ್ಳಲಿಲ್ಲ. ನರ್ಸೇ ಚೀಲದೊಳಗೆ ಇಟ್ಟಳು, ಸ್ಕರ್ಟಿನ ಮೇಲೆ.

ಹೊರಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಬಾಗಿಲಲ್ಲಿ ಆಯಾ ಇಣುಕಿ, "ಹೊಸ ಅಡ್ಮಿಷನ್ ಸಿಸ್ಟರ್, ರಾತ್ರಿ ಪಾಳಿಯವರು ಇನ್ನೂ ಬಂದಿಲ್ಲ," ಎಂದಳು. ಈ ಸಲ ಅವಳೂ ನಗಲಿಲ್ಲ. ಕಾಲೇಜು ಹುಡುಗಿಯೊಬ್ಬಳನ್ನು ನಡುವೆ ಹಿಡಿದುಕೊಂಡು ಅಪ್ಪ ಅಮ್ಮ ಒಳಗೆ ಬಂದರು. ಹುಡುಗಿ ನೆಲ ನೋಡುತ್ತಿದ್ದಳು. ನರ್ಸ್ ಮೇಜಿನ ಆ ಕಡೆ ಕೂತು ಹೊಸ ಹಾಳೆ ತೆಗೆದಳು. ಹೆಸರು ಬರೆದಳು. ವಯಸ್ಸು, ನಿದ್ದೆ, ಹಸಿವು. ಆಮೇಲೆ ಪೆನ್ನು ಕೆಳಗಿಟ್ಟಳು.

"ಜೊತೆಗೆ ಬಂದವರು ಸ್ವಲ್ಪ ಹೊರಗಿರಿ."

ಅಪ್ಪ ಅಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದರು. ಮೂಲೆಯ ಕುರ್ಚಿಯಲ್ಲಿ ಮುದುಕಿಯೂ ಚೀಲವನ್ನು ಹೆಗಲಿಗೇರಿಸಿಕೊಂಡಳು. ಎರಡೂ ಮೊಣಕಾಲಿಗೆ ಅಂಗೈ ಊರಿ, ಒಂದು ಸಲಕ್ಕೆ ಆಗದೆ, ಎರಡನೇ ಸಲ ಎದ್ದು ನಿಂತಳು. ಗೋಡೆ ಹಿಡಿದು ನಡೆದು, ಅವರಿಬ್ಬರ ಹಿಂದೆ ಹೊರಗೆ ಹೋಗಿ, ಬಾಗಿಲನ್ನು ತಾನೇ ಎಳೆದುಕೊಂಡಳು.